ಗೂನಜ್ಜನ ಮಣ್ಣು

ಮೂರನೇ ಮಹಡಿ, ಬಾಲ್ಕನಿ ಬಾಗಿಲ ಪಕ್ಕದ ಮೇಜು
ಮಾರ್ಚ್ ಹದಿನಾಲ್ಕು, ಶುಕ್ರವಾರ ಸಂಜೆ

ಪ್ರೀತಿಯ ಅಮ್ಮಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ಗೋಡೆ ಗಡಿಯಾರದ ಮುಳ್ಳು ಕಾಣಿಸಿತು ಅಂತ ಅಣ್ಣ ಹೇಳಿದ, ಕೇಳಿ ಜೀವಕ್ಕೆ ಸಮಾಧಾನವಾಯಿತು. ಹನಿ ಹಾಕಿಕೊಳ್ಳುವುದನ್ನು ತಪ್ಪಿಸಬೇಡ, ಕಣ್ಣು ಉಜ್ಜಬೇಡ, ಬಗ್ಗಿ ಭಾರ ಎತ್ತಬೇಡ. ಅಕ್ಷರ ಇಷ್ಟು ದಪ್ಪಕ್ಕೆ ಬರೆದಿರುವುದು ನೀನೇ ಓದಲಿ ಅಂತ. ದಿನಕ್ಕೊಂದು ಹಾಳೆ ಓದಿದರೂ ಸರಿ, ಅತ್ತಿಗೆ ಕೈಲಿ ಮಾತ್ರ ಓದಿಸಬೇಡ. ಅತ್ತಿಗೇ, ಒಂದು ವೇಳೆ ನೀವೇ ಓದುತ್ತಿದ್ದರೆ ನಮಸ್ಕಾರ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡಮ್ಮ. ಆ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ‘ಅಮ್ಮಾ’ ಅಂದರೆ ‘ಹೇಳಿ’ ಅಂತ ನಿನ್ನ ಸೊಸೆಯ ದನಿ ಬರುತ್ತದೆ.

ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯನಿಗೆ ನೆಗಡಿ ಬಂದು ಹೋಯಿತು, ಅದನ್ನೇ ದೊಡ್ಡ ಯುದ್ಧ ಗೆದ್ದವರ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಗ್ಯಾರೇಜಿನಲ್ಲಿ ನನಗೆ ಬಿಲ್ ಬರೆಯುವ ಕೆಲಸದ ಜೊತೆಗೆ ಬಿಡಿಭಾಗಗಳ ಕೋಣೆಯ ಕೀಲಿಯೂ ಗಂಟುಬಿದ್ದಿದೆ. ನಾಳೆ ಬೆಳಿಗ್ಗೆ ಅಣ್ಣ ವ್ಯಾನ್ ತರುತ್ತಾನೆ, ನಿನ್ನ ಗಿಡಗಳನ್ನೆಲ್ಲ ಅಲ್ಲಿಗೆ ಸಾಗಿಸಲು. ಅವರ ಬಾಲ್ಕನಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದಾರಂತೆ, ನೆರಳಿಗೆ ಹಸಿರು ಬಲೆ ಕಟ್ಟಿದ್ದಾರಂತೆ. ಕಣ್ಣಿನ ಆಪರೇಷನ್ನಿಗೆಂದು ಒಂದು ತಿಂಗಳ ಮಟ್ಟಿಗೆ ಹೋದವಳು ನೀನು. ಗಿಡಗಳಿಗೆ ಸ್ಟ್ಯಾಂಡ್ ಮಾಡಿಸುವುದೆಂದರೆ ಏನರ್ಥ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. ಗಿಡಗಳು ಎಲ್ಲೋ ನೀನೂ ಅಲ್ಲೇ. ನಾಳೆ ಆ ವ್ಯಾನು ಹೊರಟರೆ ಇನ್ನು ಮೇಲೆ ನೀನು ಈ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತೀಯ.

ಅದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೇ ಉಳಿದದ್ದು ಹೋದ ತಿಂಗಳು ನೀನು ಆಡಿದ ಮಾತು. ಗೂನಜ್ಜನ ಕುಂಡದಲ್ಲಿ ನೀರು ಮೇಲೇ ನಿಲ್ಲುತ್ತಿದೆ, ಮಣ್ಣು ಬದಲಾಯಿಸುವ ಕಾಲ ಬಂತು ಅಂತ ನಾನು ಫೋನಿನಲ್ಲಿ ಹೇಳಿದೆ. ನೀನು ಅಂದೆ, "ಅದಿಲ್ಲಿಗೇ ಬರ್ಲಿ ಬಿಡು. ಮಣ್ಣಿನ ಬದ್ಲು ಹಾಕೋಕೆ ಅವಳು ಒಳ್ಳೆ ಹರಳು ತರಿಸಿದಾಳೆ. ನಾವಿಬ್ರೂ ಸೇರಿ ಮಾಡ್ತೀವಿ." ನಾವಿಬ್ಬರು! ಅಪ್ಪ ತೀರಿಕೊಂಡ ವರ್ಷ ನೀನು ಆ ಬೆನ್ನು ಬಗ್ಗಿದ ಅತ್ತಿ ಜಾತಿಯ ಬೋನ್ಸಾಯ್ ಮರವನ್ನು ಕೊಂಡು ತಂದಾಗ, ಬಸ್ಸಿನಿಂದ ಇಳಿಸಿಕೊಂಡು ಮೂರು ಮಹಡಿ ಹೊತ್ತವಳು ನಾನು. ಗೂನಜ್ಜ ಅಂತ ಹೆಸರಿಟ್ಟವಳೂ ನಾನೇ. ಅಂದಿನಿಂದ ಪ್ರತಿ ಸಲ ಮಣ್ಣು ಬದಲಾಯಿಸುವಾಗಲೂ ನಾನು ಕುಂಡ ತೊಳೆದಿದ್ದೇನೆ, ಜರಡಿಯ ಧೂಳು ಗುಡಿಸಿದ್ದೇನೆ, ನಿನಗೆ ಬೆಳಕು ಹಿಡಿದಿದ್ದೇನೆ. ಬೇರು ಸವರುವ ಕತ್ತರಿಗೆ ಕೈ ಚಾಚಿದರೆ ಮಾತ್ರ, "ನಿನ್ ಕೈ ಬಿರುಸು ಕಣೇ, ಬಿಡು" ಅನ್ನುತ್ತಿದ್ದೆ. ನಾನೂ ಒಪ್ಪಿಕೊಂಡಿದ್ದೆ, ಗ್ಯಾರೇಜಿನಲ್ಲಿರುವವಳ ಕೈ, ಬಿರುಸೇ ಇರಬಹುದು ಅಂತ. ಆಮೇಲೆ ಅಣ್ಣ ಒಂದು ವಿಡಿಯೋ ಕಳಿಸಿದ. ನಿನ್ನ ಸೊಸೆ ಒಂದು ಪುಟ್ಟ ಗಿಡದ ಬೇರು ಕತ್ತರಿಸುತ್ತಿದ್ದಾರೆ, ಅವರ ಕೈ ಮೇಲೆ ನಿನ್ನ ಕೈ ಇದೆ, "ಹಾಂ, ಹಾಗೇ, ಹೆದರ್ಬೇಡ" ಅಂತ ನೀನು ಹೇಳುತ್ತಿದ್ದೀಯ. ಅದನ್ನು ಎಷ್ಟು ಸಲ ನೋಡಿದೆನೋ ನನಗೇ ಗೊತ್ತಿಲ್ಲ.

ಹೌದಮ್ಮ, ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಅತ್ತಿಗೆ ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ನಿನಗೆ ಹೊತ್ತು ಹೊತ್ತಿಗೆ ಹನಿ ಹಾಕುತ್ತಾರೆ, ತಲೆ ಬಾಚುತ್ತಾರೆ, ನನ್ನ ಹುಟ್ಟುಹಬ್ಬ ಅಣ್ಣನಿಗೆ ಮರೆತರೂ ಅವರಿಗೆ ಮರೆಯುವುದಿಲ್ಲ. ಬೈಯಲು ಒಂದು ಎಳೆ ಸಿಕ್ಕುವುದಿಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ? ಇಷ್ಟು ವರ್ಷ ಪಕ್ಕದಲ್ಲಿ ಕೂತವಳು ಕಣ್ಣಿಗೆ ಬೀಳಲಿಲ್ಲ, ನಿನ್ನೆ ಮೊನ್ನೆ ಕತ್ತರಿ ಹಿಡಿದವರು ಜಾಣೆಯಾದರು. ಜಾಣೆಯರೇ ಇರಲಿ. ಒಳ್ಳೆಯ ಹರಳು ನನಗೂ ಸಿಗುತ್ತದೆ ಅಂತ ತೋರಿಸಿಯೇ ಬಿಡುತ್ತೇನೆ ಅಂತ ಹಟ ಹಿಡಿದೆ.

ಮೊದಲು ಇಟ್ಟಿಗೆ. ಹಿಂದಿನ ಬೀದಿಯಲ್ಲಿ ಹಳೇ ಶಾಲೆ ಕೆಡವುತ್ತಿದ್ದಾರೆ, ಅಲ್ಲಿಂದ ಒಂದು ಚೀಲ ಚೂರು ತಂದು ಸುತ್ತಿಗೆಯಲ್ಲಿ ಕುಟ್ಟಿದೆ. ಜರಡಿ ಹಿಡಿದರೆ ಮುಕ್ಕಾಲು ಪಾಲು ಧೂಳು, ಕೆಳಗಿನ ಮನೆಯವರ ಬಟ್ಟೆಯೆಲ್ಲ ಕೆಂಪು. ಆಮೇಲೆ ತೇಲುಗಲ್ಲು. ಹಿಮ್ಮಡಿ ಉಜ್ಜುವ ಕಲ್ಲು ಅದೇ ಅಲ್ಲವೇ, ಒಂದೊಂದೇ ಕೊಂಡು ಒಡೆದರೆ ನಮ್ಮ ಮನೆ ದಿವಾಳಿ. ಕೊನೆಗೆ ಗ್ಯಾರೇಜಿಗೆ ಬರುವ ಒಬ್ಬ ಲಾರಿ ಡ್ರೈವರ್ ದಾರಿ ತೋರಿಸಿದ. ಜೀನ್ಸ್ ಪ್ಯಾಂಟುಗಳನ್ನು ಹೊಸದಾಗಿರುವಾಗಲೇ ಹಳತು ಮಾಡುವ ಕಾರ್ಖಾನೆಯಿದೆಯಂತೆ, ಅಲ್ಲಿ ಬಟ್ಟೆಯ ಜೊತೆ ಈ ಕಲ್ಲನ್ನೂ ಯಂತ್ರಕ್ಕೆ ಹಾಕಿ ತಿರುಗಿಸುತ್ತಾರಂತೆ. ಹೋದೆ. ಅಲ್ಲಿನ ಮೇಲ್ವಿಚಾರಕಿ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿ, "ಸವೆದ ಕಲ್ಲು ತಗೊಂಡು ಏನ್ಮಾಡ್ತೀರಿ?" ಅಂದರು. ನಮ್ಮಮ್ಮನ ಮರಕ್ಕೆ ಅಂದೆ. "ಎಷ್ಟ್ ದೊಡ್ಡ ಮರ?" ಅಂದರು. ಮೊಣಕೈ ತೋರಿಸಿದೆ. ಪಾಪ, ಇನ್ನೇನೂ ಕೇಳದೆ ಒಂದು ಮೂಟೆ ಕೊಟ್ಟು ಕಳಿಸಿದರು. ಕಲ್ಲೆಲ್ಲ ನೀಲಿ. ಬಕೆಟ್ಟಿನಲ್ಲಿ ನೆನೆಸಿ ನೀರು ಬದಲಾಯಿಸಿ, ಬದಲಾಯಿಸಿ, ತಿಳಿಯಾಗುವ ಹೊತ್ತಿಗೆ ನನ್ನ ಉಗುರೂ ನೀಲಿಯಾಗಿತ್ತು.

ಸುಟ್ಟ ಜೇಡಿಮಣ್ಣಿನ ಹರಳಿಗೆ ನಾನು ಎಲ್ಲೂ ಅಲೆಯಬೇಕಾಗಿರಲಿಲ್ಲ, ಅದು ನನ್ನ ಕಾಲ ಕೆಳಗೇ ಇತ್ತು. ಗ್ಯಾರೇಜಿನ ನೆಲಕ್ಕೆ ಎಣ್ಣೆ ಚೆಲ್ಲಿದರೆ ಮೇಲೆ ಉದುರಿಸುತ್ತಾರಲ್ಲ, ಆ ಕಂದು ಹರಳು. ನೀರನ್ನೂ ಅಷ್ಟೇ ಆಸೆಯಿಂದ ಕುಡಿಯುತ್ತದೆ. ಅದನ್ನು ಬಿಟ್ಟು, ಬುದ್ಧಿಗೇಡಿ ನಾನು, ಅದರ ಹಾಗೇ ಕಾಣುತ್ತದೆ ಅಂತ ಮೊದಲು ಬೆಕ್ಕಿನ ಮಲದ ತಟ್ಟೆಗೆ ಹಾಕುವ ಹರಳು ಕೊಂಡುಬಂದಿದ್ದೆ. ನೀರು ಹಾಕಿ ಬೆಳಿಗ್ಗೆ ನೋಡಿದರೆ ಡಬ್ಬಿಯ ತುಂಬ ಗೋಂದು, ಚಮಚ ನೆಟ್ಟಗೆ ನಿಂತಿತ್ತು. ಅದರಲ್ಲಿ ಗೂನಜ್ಜನನ್ನು ನೆಟ್ಟಿದ್ದರೆ ಬೇರು ಉಸಿರುಗಟ್ಟಿ ಹೋಗುತ್ತಿತ್ತು. ಸದ್ಯ, ಆ ಪ್ರಯೋಗ ಡಬ್ಬಿಯಲ್ಲೇ ಮುಗಿಯಿತು.

ಆಮೇಲೆ ಅತ್ತಿಗೆಯ ಪೊಟ್ಟಣ ಬಂತು. ನಾನು ಕೇಳಿರಲಿಲ್ಲ. ಒಳಗೆ ಎರಡು ಚೀಲ, ಒಂದರಲ್ಲಿ ಕೆಂಪು ಲಾವಾ ಕಲ್ಲಿನ ಚೂರು, ಇನ್ನೊಂದರಲ್ಲಿ ಎಲ್ಲಿಂದಲೋ ತರಿಸಿದ ಸುಟ್ಟ ಮಣ್ಣಿನ ಹರಳು, ಒಂದೊಂದೂ ಆರಿಸಿ ಇಟ್ಟ ಹಾಗೆ ಸಮ. ಜೊತೆಗೊಂದು ಚೀಟಿ, ‘ನಿಮಗೂ ಇಷ್ಟ ಆಗುತ್ತೆ ಅಂದ್ಕೊಂಡೆ’ ಅಂತ. ಆ ಚೀಟಿ ಓದಿ ನನಗೆ ಊಟ ಸೇರಲಿಲ್ಲ. ಎಲ್ಲವನ್ನೂ ನಿನ್ನ ಜರಡಿಗಳಲ್ಲೇ ಹಿಡಿದು, ಒಂದೇ ಅಳತೆಯ ಹರಳು ಮಾಡಿ, ತಳ ತೂತು ಮಾಡಿದ ಲೋಟಗಳಿಗೆ ತುಂಬಿದೆ. ಒಣಗಿದ್ದಾಗ ತೂಕ, ನೀರು ಹೊಯ್ದ ಮೇಲೆ ತೂಕ, ಮಾರನೇ ದಿನ ತೂಕ. ಪುಡಿಯಾಗುತ್ತವೋ ಇಲ್ಲವೋ ನೋಡಲು ನೆನೆಸಿ ಐಸ್ ತಟ್ಟೆಯಲ್ಲಿಟ್ಟು ಫ್ರಿಜ್ಜಿಗೆ ಹಾಕಿದೆ. ನಿನ್ನ ಅಳಿಯ ಅದರಿಂದಲೇ ಎರಡು ಐಸ್ ತೆಗೆದು ಜ್ಯೂಸಿಗೆ ಹಾಕಿಕೊಂಡರು. ಹಲ್ಲು ಉಳಿಯಿತು, ಮರ್ಯಾದೆ ಉಳಿಯಲಿಲ್ಲ. ಸಿಟ್ಟಿನಲ್ಲಿ, "ನಿಂಗೆ ಗಿಡದ್ಮೇಲೆ ಪ್ರೀತಿನೋ, ಅತ್ತಿಗೆ ಮೇಲೆ ಸಿಟ್ಟೋ, ಮೊದ್ಲು ಅದನ್ನ ಜರಡಿ ಹಿಡಿ" ಅಂದರು. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಮಾತು ನಿಜವಾದ್ದರಿಂದ ಮೂರನೇ ದಿನ ಆಡಿದೆ.

ಫಲಿತಾಂಶ ಕೇಳು. ಅತ್ತಿಗೆಯ ಸುಟ್ಟ ಮಣ್ಣಿನ ಹರಳು ಎರಡನೇ ಸಲ ಫ್ರಿಜ್ಜಿಗೆ ಹೋಗಿ ಬಂದದ್ದೇ ಬೆರಳ ನಡುವೆ ಹಿಟ್ಟಾಯಿತು. ನನ್ನ ಗ್ಯಾರೇಜಿನದು ಜಗ್ಗಲಿಲ್ಲ. ಅವತ್ತು ನನಗಾದ ಸಂತೋಷ ಹೇಳಿದರೆ ನೀನು ಬೈಯುತ್ತೀಯ, ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆದರೆ ನನ್ನದು ನೀರನ್ನು ಕುಡಿದು ಬಿಡಲೇ ಒಲ್ಲದು, ಗೂನಜ್ಜನ ವಯಸ್ಸಿನ ಬೇರಿಗೆ ಅಷ್ಟು ಒದ್ದೆ ಆಗುವುದಿಲ್ಲ. ತೇಲುಗಲ್ಲು ಹಗುರ, ಗಾಳಿಯಾಡುತ್ತದೆ, ಆದರೆ ಬರೀ ಅದರಲ್ಲಿ ಮರ ಗಟ್ಟಿಯಾಗಿ ನಿಲ್ಲುವುದಿಲ್ಲ. ನೀರು ಸರಾಗವಾಗಿ ಇಳಿದು, ಚೂಪು ಅಂಚಿನಿಂದ ಬೇರನ್ನು ಭದ್ರವಾಗಿ ಹಿಡಿಯುವುದು ಲಾವಾ ಚೂರು. ಅದು ಅತ್ತಿಗೆಯದು. ಈ ಸಾಲು ಬರೆಯಲು ಪೆನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆ ಅಂತ ನಿನ್ನ ಅಳಿಯನನ್ನೇ ಕೇಳು. ಎಲ್ಲದರ ಮಾದರಿಯನ್ನೂ ಡಬ್ಬಿಗಳಲ್ಲಿ ಕಳಿಸುತ್ತಿದ್ದೇನೆ. ನೀನು ಕಣ್ಣಿಗಿಂತ ಬೆರಳಲ್ಲೇ ಚೆನ್ನಾಗಿ ನೋಡುತ್ತೀಯ, ಉಜ್ಜಿ ನೋಡು.

ಅಮ್ಮಾ, ಅತ್ತಿಗೆಗೆ ಕಲಿಸಬೇಡ ಅಂತ ನಾನು ಹೇಳುತ್ತಿಲ್ಲ. ಹೇಳಬೇಕು ಅನ್ನಿಸುತ್ತದೆ, ಆದರೆ ಹೇಳುವುದಿಲ್ಲ. ನನಗೇಕೆ ಕಲಿಸಲಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ. ಕೈ ಬಿರುಸಾದರೆ ಹಿಡಿದು ಮೆತ್ತಗೆ ಮಾಡಬಹುದಿತ್ತಲ್ಲ, ಅವರ ಕೈ ಹಿಡಿದ ಹಾಗೆ.

ಅಣ್ಣನಿಗೆ ಬೆನ್ನು ನೋವು, ಕುಂಡ ಇಳಿಸುವಾಗ ಅವನೊಬ್ಬನನ್ನೇ ಬಿಡಬೇಡಿ. ಮಕ್ಕಳಿಗೆ ನನ್ನ ಮುತ್ತು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಪೊಟ್ಟಣಕ್ಕೆ ಥ್ಯಾಂಕ್ಸ್ ಕೂಡ. ಕತ್ತಲಾಯಿತು, ಗಿಡಗಳಿಗೆ ಈ ಮನೆಯ ಕೊನೆಯ ನೀರು ಹಾಕಬೇಕು. ನಿನ್ನ ಕಾಲಿಗೆ ಬಿದ್ದೆ ಅಂತ ತಿಳಿದು, ಬೇಗ ಪೂರ್ತಿ ಕಣ್ಣು ಕಾಣಲಿ ಅಂತ ಹಾರೈಸುವ,

ನಿನ್ನ ಬಿರುಸು ಕೈಯ ಮಗಳು

ತಾ.ಕ.: ಶನಿವಾರ ಬೆಳಿಗ್ಗೆ. ಈ ಹಾಳೆಯನ್ನು ಎಲ್ಲಕ್ಕಿಂತ ಮೇಲಿಡುತ್ತಿದ್ದೇನೆ, ಮೊದಲು ಇದನ್ನೇ ಓದು. ಅಣ್ಣ ಕೆಳಗೆ ವ್ಯಾನಿನಲ್ಲಿ ಕುಂಡಗಳನ್ನು ಜೋಡಿಸುತ್ತಿದ್ದಾನೆ, ಆಗಲೇ ಎರಡು ಸಲ ಹಾರ್ನ್ ಹೊಡೆದ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗೂನಜ್ಜ ವ್ಯಾನಿನಲ್ಲಿ ಇರುವುದಿಲ್ಲ. ಹೋದ ಭಾನುವಾರ ನಾನೇ ಅವನ ಮಣ್ಣು ಬದಲಾಯಿಸಿದೆ, ಬೇರೂ ನಾನೇ ಕತ್ತರಿಸಿದೆ. ನನ್ನ ಹರಳು ಒಂದು ಪಾಲು, ತೇಲುಗಲ್ಲು ಒಂದು ಪಾಲು, ಅತ್ತಿಗೆಯ ಲಾವಾ ಒಂದು ಪಾಲು. ಮೂರನೆಯದನ್ನು ಅವರಿಗೆ ಹೇಳಬೇಡ. ಬೇರು ಕತ್ತರಿಸಿದ ಮರವನ್ನು ಅದು ಹೊಸ ಮಣ್ಣು ಕಚ್ಚಿಕೊಳ್ಳುವವರೆಗೆ ಅಲುಗಾಡಿಸಬಾರದು, ಹಾಗಾಗಿ ಅವನು ಎಲ್ಲಿಗೂ ಬರುವ ಹಾಗಿಲ್ಲ. ಹಾಗೆ ಆಗಲಿ ಅಂತಲೇ ಮಾಡಿದೆನಮ್ಮ, ಸುಳ್ಳು ಯಾಕೆ ಹೇಳಲಿ. ಆದರೆ ಮೊನ್ನೆಯಿಂದ ಎಲೆ ಹಳದಿಯಾಗಿ ಉದುರುತ್ತಿದೆ, ಇವತ್ತು ಎದ್ದು ನೋಡಿದರೆ ಕೆಳಗಿನ ಕೊಂಬೆ ಪೂರ್ತಿ ಬೋಳು. ಬೇರು ಕತ್ತರಿಸಿದ ಮೇಲೆ ಇದು ಆಗುವಂಥದ್ದೋ, ಅಥವಾ ಅವನು ಸಾಯುತ್ತಿದ್ದಾನೋ, ನನಗೆ ಗೊತ್ತಾಗುತ್ತಿಲ್ಲ. ನೀನು ನನಗೆ ಕಲಿಸಿಲ್ಲ. ಅಣ್ಣ ಗಿಡಗಳನ್ನು ಇಳಿಸಿದ ಕೂಡಲೇ ಅದೇ ವ್ಯಾನಿನಲ್ಲಿ ಹೊರಟು ಬಾ.