ಆ ಕಬ್ಬಿಣದ ಜಾಲರಿಯನ್ನು ಅಡ್ಡ ತಿರುಗಿಸಿ

ರಸ್ತೆಗಳ ಉಸ್ತುವಾರಿ ಹೊತ್ತ ಮಾನ್ಯ ಅಭಿಯಂತರರೇ,

ಬೆಳಂಬಾರಕ್ಕೆ ಹೋಗುವ ದಾರಿಯ ಇಳಿಜಾರಿನಲ್ಲಿ, ಚರಂಡಿಯ ಬಾಯಿಗೆ ನಿಮ್ಮ ಇಲಾಖೆ ಒಂದು ಕಬ್ಬಿಣದ ಜಾಲರಿ ಕೂರಿಸಿದೆ. ಅದರ ಸರಳುಗಳು ರಸ್ತೆಗೆ ಅಡ್ಡ ಇರಬೇಕಿತ್ತು, ಉದ್ದಕ್ಕೆ ಮಲಗಿವೆ. ನಡುವಿನ ಸಂದಿಯಲ್ಲಿ ಸೈಕಲ್ಲಿನ ಚಕ್ರ ಸೀದಾ ಇಳಿದು ಸಿಕ್ಕಿಬೀಳುತ್ತದೆ. ಜಾಲರಿ ಚೌಕದ್ದು. ಎತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಇಟ್ಟರೆ ಮುಗಿಯಿತು. ಸಿಮೆಂಟು ಬೇಡ, ಟೆಂಡರು ಬೇಡ, ಮಂತ್ರಿಗಳ ಕೈಯಿಂದ ಉದ್ಘಾಟನೆಯೂ ಬೇಡ. ಇಷ್ಟು ಹೇಳಲು ಊರೆಲ್ಲ ಓದುವಂತೆ ಪತ್ರ ಬರೆಯಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ನಿಮಗೆ ಆಗುವ ಲಕ್ಷಣ ಕಾಣದ್ದರಿಂದ ನಿಮ್ಮ ಪಾಲಿನದ್ದನ್ನೂ ನಾನೇ ಹೊತ್ತಿದ್ದೇನೆ.

ನಾನು ಕೋಡಿಬಾಗದವನು. ಒಂದು ಕಾಲದಲ್ಲಿ ಚಳವಳಿಯ ಕರಪತ್ರ ಹಂಚಲು ಸೈಕಲ್ ತುಳಿದವನು. ಚಳವಳಿ ತಣ್ಣಗಾಯಿತು, ಸೈಕಲ್ ಉಳಿಯಿತು. ಭಾನುವಾರ ಬೆಳಿಗ್ಗೆ ಕಾಳಿ ನದಿಯ ದಂಡೆಯಲ್ಲಿ ಸೇರಿ ಅಂಕೋಲೆಯ ಕಡೆ ಹೊರಡುವ ಗುಂಪು ನಮ್ಮದು. ರೇಸಿನಲ್ಲಿ ಓಡುವವರಿದ್ದಾರೆ, ನನ್ನಂಥ ಏದುಸಿರಿನವರೂ ಇದ್ದಾರೆ. ಎಲ್ಲರಿಗೂ ಹೊಸ ಸೈಕಲ್ಲಿನ ಹುಚ್ಚು. ನನ್ನ ಪಡಸಾಲೆಯಲ್ಲೇ ಮೂರು ನಿಂತಿವೆ. "ಇನ್ನೊಂದು ಬಂತಂದ್ರೆ ಅದು ಒಳಗೆ ಮಲಗ್ಲಿ, ನೀವು ಅಂಗಳದಲ್ಲಿ ಮಲಗಿ" ಎಂದು ಹೆಂಡತಿ ದೇವಕಿ ಆದೇಶ ಹೊರಡಿಸಿದ್ದಾಳೆ. ನಿಮ್ಮ ಆದೇಶಗಳಂತಲ್ಲ, ಅವಳದ್ದು ಜಾರಿಯಾಗುತ್ತದೆ.

ನಮ್ಮಲ್ಲೊಂದು ಪದ್ಧತಿಯಿದೆ. ಹೊಸ ಸೈಕಲ್ ತಂದವರು ಅದರ ಮೊದಲ ಸವಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಬೇಕು. ಮುಂದೆ ಹೋಗುವವರು ಗುಂಡಿ, ಕಲ್ಲು, ಮಲಗಿದ ದನ, ಏನು ಕಂಡರೂ ಒಂದು ಕೈ ಬಿಟ್ಟು ಹಿಂದಿನವರಿಗೆ ತೋರಿಸಬೇಕು. ಹಿಂದಿನವರು ಬೆನ್ನಿಗೆ ಅಂಟಿಕೊಂಡೇ ಬರುತ್ತಾರೆ. ಅವರಿಗೆ ರಸ್ತೆ ಕಾಣುವುದಿಲ್ಲ, ಆ ಕೈ ಕಾಣುತ್ತದೆ. ಅದನ್ನು ನಂಬಿ ತುಳಿಯುತ್ತಾರೆ.

ಮಳೆಗಾಲ ಮುಗಿದ ಹೊಸದರಲ್ಲಿ ವೈಜಯಂತಿ ಅಕ್ಕೋರು ಮುಂದಿದ್ದರು. ಮಲ್ಲಾಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ಶಿಕ್ಷಕಿ, ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ತುಳಿಯುವವರು. ಚಳಿಗಾಲದ ರೇಸಿಗೆಂದು ಬೆರಳಗಲದ ಟಯರಿನ ಸೈಕಲ್ ತಂದಿದ್ದರು. ಇಳಿಜಾರಿನ ತಿರುವು ಮುಗಿದದ್ದೇ ಜಾಲರಿ ಕಂಡಿತು. ಕೈ ಬಿಟ್ಟು ತೋರಿಸಿದರು. ನಾವು ಅಷ್ಟೂ ಜನ ಪಕ್ಕಕ್ಕೆ ಸರಿದು ಉಳಿದೆವು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದ ಅವರ ಚಕ್ರ ಸಂದಿಗೆ ಇಳಿಯಿತು. ಭುಜದ ಮೂಳೆ ಮುರಿಯಿತು.

ಅವರ ಬೆನ್ನಿಗೇ ಇದ್ದವನು ಬ್ಯಾಂಕಿನಲ್ಲಿ ಕೆಲಸ ಮಾಡುವ ಸಂಕೇತ. ಆಸ್ಪತ್ರೆಯಲ್ಲಿ ಅವನು, "ಎರಡೂ ಕೈಲಿ ಹಿಡ್ಕಂಡಿದ್ರೆ ಹಾರಿಸ್ಕಂಡು ಹೋಗ್ತಿದ್ರಿ ಅಕ್ಕೋರೇ" ಎಂದು ಕಣ್ಣೊರೆಸಿಕೊಂಡ.

"ಆಗ ನೀನು ಬಂದು ನನ್ನ ಮೇಲೆ ಬೀಳ್ತಿದ್ದೆ ಮಾರಾಯಾ. ನಿನ್ನ ತೂಕಕ್ಕಿಂತ ಮುರಿದ ಮೂಳೆನೇ ವಾಸಿ."

ನಿಮ್ಮ ಕಚೇರಿಗೆ ಬಂದೆವು. ಫೋನಿನಿಂದ ಕಣ್ಣೆತ್ತದೆ ತಾವು ಅಪ್ಪಣೆ ಕೊಡಿಸಿದಿರಿ: "ಡ್ರಾಯಿಂಗಿನಲ್ಲಿ ಹಾಗೇ ಇದೆ. ದಪ್ಪ ಟಯರ್ ಹಾಕ್ಕೊಳ್ಳಿ. ಅಲ್ಲಾ, ಅವರಿಗೆ ಈ ವಯಸ್ಸಲ್ಲಿ ರೇಸ್ ಎಂತಕ್ಕೆ?" ನಾಳೆ ಆ ಸಂದಿಯಲ್ಲಿ ಒಂದು ಮಗುವಿನ ಪಾದ ಸಿಕ್ಕಿಕೊಂಡರೆ ದಪ್ಪ ಪಾದ ಬೆಳೆಸಿಕೋ ಅನ್ನುತ್ತೀರಾ? ರಸ್ತೆಯಲ್ಲಿ ಹೋಗಲು ಎಷ್ಟು ವಯಸ್ಸಾಗಿರಬೇಕು, ಅದೂ ಡ್ರಾಯಿಂಗಿನಲ್ಲಿದೆಯೇ?

ಮತ್ತೆ ಬಂದೆವು, ಮತ್ತೆ ಕೂತೆವು. ಕೊನೆಗೆ ಒಂದು ಭಾನುವಾರ ಹಾರೆ ತೆಗೆದುಕೊಂಡು ಹೋಗಿ ನಾವೇ ತಿರುಗಿಸಿದೆವು. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಚೌಕ ಅಲ್ಲವೇ, ಸರಿಯಾಗಿ ಕೂತಿತು. ಮೂಳೆ ಮುರಿದ ಒಬ್ಬ ಹೆಂಗಸಿಗೋಸ್ಕರ ಕದಲದ ಇಲಾಖೆ ಆಗ ಕದಲಿತು. ಜೀಪು ಬಂತು, ಜನ ಬಂದರು, ಜಾಲರಿಯನ್ನು ಮೊದಲಿನಂತೆ ಉದ್ದಕ್ಕೆ ತಿರುಗಿಸಿ ಹೋದರು. ಹಿಂದೆಯೇ ಸರ್ಕಾರಿ ಸ್ವತ್ತು ಕೆಡಿಸಿದೆನೆಂದು ನನಗೆ ನೋಟಿಸು. ನಿಮ್ಮವರಿಗೆ ಅದನ್ನು ತಿರುಗಿಸಲು ಬರುತ್ತದೆ ಎಂದಾದರೂ ತಿಳಿಯಿತಲ್ಲ, ಸಂತೋಷ.

ಮೊದಲಾಗಿದ್ದರೆ ನಿಮ್ಮ ಬಾಗಿಲಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಈಗ ಸಾಕಾಗಿದೆ. ಅಣೆಕಟ್ಟು ಬೇಡ, ಅಣುಸ್ಥಾವರ ಬೇಡ ಎಂದು ಕೂಗಿದವರು ನಾವು. ಕಾಲು ಸುತ್ತು ಕಬ್ಬಿಣಕ್ಕೆ ಅಂಗಲಾಚುವ ಸ್ಥಿತಿಗೆ ಬಂದೆವಲ್ಲ ಎಂಬ ದಣಿವು ಇದು.

ಅಕ್ಕೋರ ಮೂಳೆ ಕೂಡಿದೆ. ರೇಸು ಅವರಿಲ್ಲದೇ ಮುಗಿಯಿತು. ಮೊನ್ನೆ ಮತ್ತೆ ಸವಾರಿಗೆ ಬಂದರು, ಎಲ್ಲರಿಗಿಂತ ಹಿಂದೆ ನಿಂತರು. "ಮುಂದೆ ಬನ್ನಿ" ಅಂದೆ.

"ಬೇಡ ಪುಂಡಲೀಕಣ್ಣಾ. ಹ್ಯಾಂಡಲ್ಲಿಂದ ಕೈ ಬಿಡೂಕೇ ಹೆದರಿಕೆ. ಕೈ ತೋರ್ಸೂಕೆ ಆಗದವ್ರು ಮುಂದೆ ಹೋಗೂಕಾಗ್ದು."

ನೀವು ಮುರಿದದ್ದು ಇದನ್ನು ಸ್ವಾಮಿ. ಮೂಳೆಗೆ ವೈದ್ಯರಿದ್ದರು. ಹಿಂದಿನವರಿಗಾಗಿ ಕೈ ಬಿಡುವ ಆ ಧೈರ್ಯಕ್ಕೆ ಯಾವ ಪಟ್ಟಿ ಕಟ್ಟುವುದು?

ಬೇಡಿಕೆ ಒಂದೇ. ಬರುವ ಭಾನುವಾರದೊಳಗೆ ಜಾಲರಿ ಅಡ್ಡ ತಿರುಗಿರಬೇಕು. ಇಲ್ಲವಾದರೆ ಹಾಡುಹಗಲಲ್ಲಿ, ಎಲ್ಲರೆದುರು, ನಾವು ಮತ್ತೆ ತಿರುಗಿಸುತ್ತೇವೆ. ನೀವು ಮತ್ತೆ ಉದ್ದಕ್ಕೆ ಮಾಡಿ, ನಾವು ಮತ್ತೆ ಅಡ್ಡ ಮಾಡುತ್ತೇವೆ. ಎರಡನೆಯ ನೋಟಿಸನ್ನು ಈಗಲೇ ಬರೆದಿಡಿ. ಈ ಸಲ ಹಾರೆಯ ಒಂದು ತುದಿ ತಾನು ಹಿಡಿಯುತ್ತೇನೆಂದು ಅಕ್ಕೋರು ಹೇಳಿದ್ದಾರೆ. ಎರಡೂ ಕೈಯಲ್ಲಿ.

ಇಂತಿ,
ನಿಮ್ಮ ಕಬ್ಬಿಣವನ್ನು ಸರಿಯಾಗಿ ಕೂರಿಸಿದ ಅಪರಾಧಿ,
ಪುಂಡಲೀಕ, ಕೋಡಿಬಾಗ