ಚಿಕ್ಕಮುನಿಯಮ್ಮನ ಟ್ರೇ

ಜೂನ್ 3, ಮಂಗಳವಾರ

ಮತ್ತೆ ಫಸ್ಟ್ ಶಿಫ್ಟ್. ಸಿಂಗಸಂದ್ರದಲ್ಲಿ ಕಂಪನಿ ಬಸ್ಸು ಹೊರಟೇಬಿಟ್ಟಿತ್ತು, ರೂಮ್‌ಮೇಟ್ ವೇಣಿ ಕೂಗಿ ನಿಲ್ಲಿಸಿದಳು. ದಿನವಿಡೀ ಇಂಜೆಕ್ಷನ್ ಬಾಟಲಿ. ಲೈಟಿಗೆ ಹಿಡಿ, ತಲೆಕೆಳಗು ಮಾಡು, ಕಪ್ಪು ಹಲಗೆಯ ಮುಂದೆ ನೋಡು, ಬಿಳಿ ಹಲಗೆಯ ಮುಂದೆ ನೋಡು. ಗಾಜಿನ ಚೂರು, ನೂಲು, ಕೂದಲು ಕಂಡರೆ ಕೆಂಪು ಡಬ್ಬಿಗೆ.

ಪಕ್ಕದ ಸೀಟಿನ ಚಿಕ್ಕಮುನಿಯಮ್ಮ ಇವತ್ತೂ ಹಿಂದೆ. ಅವಳಿಂದಾಗಿ ಇಡೀ ಟೇಬಲ್ಲಿಗೆ ಬೈಗುಳ. ಹುಡುಗಿಯರು ಇಟ್ಟ ಹೆಸರು ಟೂ-ಜಿ, ಹಳೇ ನಿಧಾನದ ನೆಟ್‌ವರ್ಕು ಅಂತ. ನಾನೂ ನಕ್ಕೆ. ಕೇಳಿಸಿಕೊಂಡಳು. "ಹಣ್ಣೆಲೆ ಉದುರುವಾಗ ಚಿಗುರೆಲೆ ನಗ್ತಿತ್ತಂತೆ" ಅಂದು ಮುಂದಿನ ಬಾಟಲಿ ಎತ್ತಿಕೊಂಡಳು.

ಜೂನ್ 5

ಕೈ ತೊಳೆಯುವಲ್ಲಿ ಚಿಕ್ಕಮುನಿಯಮ್ಮ ಅಡ್ಡಗಟ್ಟಿದಳು. ಎಡಗಣ್ಣಿಗೆ ಪೊರೆ ಬಂದಿದೆಯಂತೆ, ಬಲಗಣ್ಣಿಗೂ ಶುರುವಂತೆ. ಸೋಮವಾರ ಕಣ್ಣಿನ ಟೆಸ್ಟ್. ಫೇಲಾದರೆ ಮನೆಗೆ. ಆಪರೇಷನ್ ಮಾಡಿಸಿಕೋ ಅಂದೆ. ಕ್ಯಾಂಪಿನಲ್ಲಿ ಪುಕ್ಕಟೆ ಮಾಡುತ್ತಾರೆ, ನಿಜ. ಆದರೆ ಮೂರು ವಾರ ರಜೆ ಹಾಕಿದರೆ ಕಂಟ್ರಾಕ್ಟರ್ ಆ ಸೀಟಿಗೆ ಹೊಸಬಳನ್ನು ಕೂರಿಸುತ್ತಾನೆ. ನನಗೆ ಗೊತ್ತಿಲ್ಲವೇ? ನಾನು ಬಂದದ್ದೇ ಹೆರಿಗೆಗೆ ಹೋದವಳ ಸೀಟಿಗೆ.

ಸಿಂಧನೂರಿನಿಂದ ಬಂದ ಹೊಸದರಲ್ಲಿ ಆ ಲೈಟು ನೋಡಿ ನೋಡಿ ತಲೆಸುತ್ತು ಬರುತ್ತಿತ್ತು. ಆಗ ನನ್ನ ಅರ್ಧ ಟ್ರೇ ಸದ್ದಿಲ್ಲದೆ ನೋಡಿಕೊಟ್ಟವಳು ಇವಳೇ. ಟೂ-ಜಿ ಅಂತ ನಕ್ಕೆನಲ್ಲ, ನಾಚಿಕೆಯಾಗುತ್ತಿದೆ.

ಜೂನ್ 8, ಭಾನುವಾರ

ಅವಳನ್ನು ರೂಮಿಗೆ ಕರೆಸಿಕೊಂಡೆ. ಮೆಡಿಕಲ್ ರೂಮಿನ ಚಾರ್ಟು ಯಾವತ್ತೂ ಅದೇ, ನನಗೆ ಬಾಯಿಪಾಠ. ಇಂಗ್ಲಿಷ್ ಅಕ್ಷರ ಅವಳ ನಾಲಿಗೆಗೆ ಹತ್ತಲಿಲ್ಲ. ರಾಗಿ ಬೀಸುವ ಪದದ ಧಾಟಿಯಲ್ಲಿ ಹೇಳಿಸಿದೆ, ಹತ್ತಿತು. ಸಂಜೆ ಹೊತ್ತಿಗೆ ಕೊನೆಯ ಸಾಲೂ ಬಂತು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಾಸಾದ ಮೇಲೆ ಅವಳ ಟ್ರೇ ನಾನೇ ಇನ್ನೊಮ್ಮೆ ನೋಡುವುದು ಅಂತ ಮಾತಾಯಿತು. ಎಷ್ಟು ದಿನ — ಯಾರೂ ಕೇಳಲಿಲ್ಲ.

ಜೂನ್ 9

ಪಾಸ್! ಡಾಕ್ಟರು ವೆರಿ ಗುಡ್ ಅಂದರಂತೆ.

ಜೂನ್ 20

ಎರಡು ಪಾಲು ಕೆಲಸ. ಕಣ್ಣು ಉರಿ. ಇವತ್ತು ಅವಳು ಓಕೆ ಮಾಡಿದ ಟ್ರೇಯಲ್ಲಿ ಗಾಜಿನ ಚೂರು. ಕೆಂಪು ಡಬ್ಬಿಗೆ ಹಾಕಿದೆ. ಅವಳಿಗೆ ಹೇಳಲಿಲ್ಲ, ನೊಂದುಕೊಳ್ಳುತ್ತಾಳೆ ಅಂತ.

ಜುಲೈ 7, ಸೋಮವಾರ

ಡೆಂಗ್ಯೂ. ಆಸ್ಪತ್ರೆ, ಡ್ರಿಪ್, ಇಂಜೆಕ್ಷನ್. ಇವತ್ತು ಕೆಲಸಕ್ಕೆ ಹೋದೆ. ಸೀಟು ಹೋಗಿರುತ್ತದೆ ಅಂತಲೇ ಹೋದದ್ದು. ಹೋಗಿರಲಿಲ್ಲ. ಆ ಮಗೂನ ತೆಗೀಬೇಡಿ, ಅವಳ ಪಾಲೂ ನಾನೇ ಮಾಡುತ್ತೇನೆ ಅಂತ ಚಿಕ್ಕಮುನಿಯಮ್ಮ ಸೂಪರ್‌ವೈಸರ್ ಕಾಲು ಹಿಡಿದಿದ್ದಳಂತೆ. ದಿನವೂ ಓಟಿ. ಅವನಿಗೂ ಖುಷಿ, ಅಜ್ಜಿ ಈಗ ಫಾಸ್ಟ್ ಅಂತ.

ಊಟದ ಹೊತ್ತಿಗೆ ಕೇಳಿದೆ, ಕಾಣ್ತಿತ್ತೇನಮ್ಮ ಅಂತ.

"ಎಲ್ಲಾ ಮಂಜ್ ಮಂಜು ಕಣವ್ವ. ಚೆಂದಾಗೇ ಇರ್ತವೆ ಅಂತ ಬುಟ್ಬುಟ್ಟೆ. ನಿನ್ ಸೀಟು ಓಯ್ತದಲ್ಲ."

ಜುಲೈ 8

ಅವಳು ನೋಡಿದ ಮಾಲು ಇನ್ನೂ ಗೋಡೌನಿನಲ್ಲಿದೆ. ನಾಡಿದ್ದು ಲೋಡಿಂಗ್. ಆಮೇಲೆ ಸ್ಯಾಂಪಲ್ ನೋಡುತ್ತಾರೆ, ಹೌದು, ಆದರೆ ಅದು ಸ್ಯಾಂಪಲ್ ಅಷ್ಟೇ. ಡೆಂಗ್ಯೂ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಒಂದು ಮಗು ಇತ್ತು. ನರ್ಸ್ ಬಾಟಲಿಗೆ ಸೂಜಿ ಚುಚ್ಚುವಾಗೆಲ್ಲ ಅಳುತ್ತಿತ್ತು. ಆ ಬಾಟಲಿ ನೋಡಿದ್ದು ಯಾರು? ಉಪಕಾರ ಮಾಡಿದೆ ಅಂದುಕೊಂಡಿದ್ದೆನಲ್ಲ... ದೇವರೇ, ಏನು ಮಾಡಿಬಿಟ್ಟೆ.

ಬಸ್ಸಿನಲ್ಲಿ ಚಿಕ್ಕಮುನಿಯಮ್ಮನಿಗೆ ಇದನ್ನೆಲ್ಲ ಹೇಳಿದೆ. ಗಾಜಿನ ಚೂರಿನ ವಿಷಯವನ್ನೂ ಹೇಳಿದೆ. ನಾಳೆ ಇಬ್ಬರೂ ಹೋಗಿ ಒಪ್ಪಿಕೊಳ್ಳೋಣ ಅಂದೆ.

"ನಾನೊಬ್ಳೇ ಓಯ್ತೀನಿ. ನೀನು ಬಾಯ್ ಬುಟ್ರೆ ನನ್ನಾಣೆ. ಇಬ್ರೂ ಬೀದೀಗ್ ಬಿದ್ರೆ ಯಾರಿಗ್ ಲಾಭ?"

ಜುಲೈ 9

ಹೇಳಿದಳು. ಚಾರ್ಟು ಬಾಯಿಪಾಠ ಮಾಡಿದ್ದನ್ನೂ ಹೇಳಿದಳು. ಲೋಡಿಂಗ್ ನಿಂತಿತು, ಎಲ್ಲ ಬಾಟಲಿಗಳನ್ನೂ ಮತ್ತೆ ನೋಡಬೇಕು. ಅಷ್ಟಾದರೂ ಆಯಿತು. ಕ್ವಾಲಿಟಿ ವಿಭಾಗದ ಅಂಜನ್ ಸಾರ್, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ಚಾರ್ಟು ಹೇಳಿಸಿದರು. ಹೇಳಿದಳು, ಅದೇ ಧಾಟಿಯಲ್ಲಿ. ಕೆಲವರು ನಕ್ಕರು. ಯಾರು ಕಲಿಸಿದ್ದು ಅಂತ ಕೇಳಿದರು. ನಾನೇ ಕಲಿತೆ ಅಂದಳು. ವಯಸ್ಸಾದವರನ್ನು ಈ ರೂಮಿನಲ್ಲಿ ಇಟ್ಟುಕೊಂಡಿದ್ದೇ ತಪ್ಪು ಅಂದರು ಅಂಜನ್ ಸಾರ್.

ವೇಣಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಣೆ ಹಾಕಿದ್ದಾಳೆ ಅಂತ ಒಂದು ನೆಪ. ಹೇಡಿ ನಾನು, ಅಷ್ಟೇ.

ಗೇಟಿನ ಹತ್ತಿರ ಐಡಿ ಕಾರ್ಡ್ ಕಳಚಲು ಅವಳಿಗೆ ಕೊಂಡಿ ಸಿಗಲಿಲ್ಲ. ಸೆಕ್ಯೂರಿಟಿಯವನು ಬಿಚ್ಚಿಕೊಟ್ಟ.

ಜುಲೈ 12, ಶನಿವಾರ, ಸಂಜೆ

ಚಿಕ್ಕಮುನಿಯಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಎಲ್ಲರಿಗೂ ಮತ್ತೆ ಕಣ್ಣಿನ ಟೆಸ್ಟ್. ಹುಡುಗಿಯರದು ನಿನ್ನೆ ಮುಗಿಯಿತು. ನಲವತ್ತು ದಾಟಿದವರಿಗೆ ಸೋಮವಾರ. ಹೊಸ ಚಾರ್ಟು. ನೆನಪಿಟ್ಟುಕೊಳ್ಳಬಾರದು ಅಂತಲೇ ನೋಡಿದೆ. ಆದರೂ ಬಾಯಿಗೆ ಬಂದು ಕೂತಿದೆ, ಹಾಳಾದ್ದು.

ಈಗ ಕೊನೆಯ ಟೇಬಲ್ಲಿನ ರುದ್ರಮ್ಮ ಬಂದಿದ್ದಾಳೆ. ಡಬ್ಬಿ ತುಂಬ ಚಿತ್ರಾನ್ನ ತಂದಿದ್ದಾಳೆ. ಕಲಿಸಿದ್ದು ನಾನೇ ಅಂತ ವಯಸ್ಸಾದ ಹೆಂಗಸರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಯಾರೂ ಬಾಯಿ ಬಿಟ್ಟಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಬೆರಳು ತೋರಿಸಿದೆ, ಎಷ್ಟು ಹೇಳಿ ಅಂದೆ. ಹತ್ತಿರ ಬಂದು ನನ್ನ ಕೈಯನ್ನೇ ಹಿಡಿದುಕೊಂಡಳು.

"ಇಂಗೆಲ್ಲ ದೂರದಿಂದ ಕೇಳ್ಬ್ಯಾಡ ಮಗಾ. ಅವಳಿಗೆ ಮಾಡ್ದಂಗೆ ನಂಗೂ ಮಾಡು."

ಆಗಲ್ಲ ಅಂದೆ. ಬಾಟಲಿಗಳ ಕಥೆ ಹೇಳಿದೆ. ತಲೆಯಾಡಿಸುತ್ತ ಪೂರ್ತಿ ಕೇಳಿದಳು. ಕೇಳಿ ಚಾಪೆಯ ಮೇಲೆ ಕೂತಳು. ಇನ್ನೂ ಕೂತೇ ಇದ್ದಾಳೆ. ಮುಖ ನೋಡಲಾಗದೆ ಮೂಲೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಚಾರ್ಟು ಬರೆದುಕೊಡುತ್ತಿದ್ದೇನೆ ಅಂದುಕೊಂಡಿದ್ದಾಳೆ. ನಿಧಾನವಾಗಿ ಬರಿ, ಅಕ್ಷರ ದಪ್ಪಗಿರಲಿ ಅನ್ನುತ್ತಿದ್ದಾಳೆ.

ಮೆಟ್ಟಿಲ ಮೇಲೆ ಇನ್ನೂ ಯಾರೋ ಬರುತ್ತಿದ್ದಾರೆ. ಒಬ್ಬರಲ್ಲ, ಕೊನೆಯ ಟೇಬಲ್ಲಿನವರ ದನಿ. ವೇಣಿ ಬಾಗಿಲು ತೆಗೆಯಲೇ ಅಂತ ಕೇಳುತ್ತಿದ್ದಾಳೆ, ನಾನು —