ಕಿವಿ ಮುಟ್ಟಿ ತಿಂದ ಗೋಲು

ಭಾನುವಾರ, ಸಂಜೆ

ಪ್ರೀತಿಯ ತಮ್ಮನಿಗೆ,

ಅಕ್ಕನಿಂದ ಮೊದಲು ಆಶೀರ್ವಾದ, ಆಮೇಲೆ ಬೈಗುಳ. ಆಶೀರ್ವಾದ ಒಂದೇ ಸಾಲು, ಅದು ಮುಗಿಯಿತು.

ಫೋನಿನಲ್ಲಿ ನಿನಗೆ ಬೈದು ಪ್ರಯೋಜನವಿಲ್ಲ. ಹೂಂ ಅಕ್ಕ, ಸರಿ ಅಕ್ಕ, ಸರಿಯಾಗಿ ಕೇಳಿಸ್ತಿಲ್ಲ ಅಕ್ಕ ಅಂತ ಕಟ್ ಮಾಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹಾಳೆ ಹಾಳೆಯಾಗಿ ಫೋಟೋ ಹೊಡೆದು ಕಳಿಸುತ್ತೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ, ತಪ್ಪುಗಿಪ್ಪು ಇದ್ದರೆ ನುಂಗಿಕೊ.

ನಿನ್ನೆ ಫೋನಿನಲ್ಲಿ ಏನಂದೆ ನೀನು? ತಂಡದ ಹೊಸ ಕರಾರಿಗೆ ಸಹಿ ಹಾಕಲ್ಲ, ಶುಕ್ರವಾರ ಗಡುವು ಮುಗೀಲಿ, ಗಂಟುಮೂಟೆ ಕಟ್ಕೊಂಡು ಬಂದುಬಿಡ್ತೀನಿ ಅಂದೆ. ಎಷ್ಟು ಸಲೀಸಾಗಿ ಅಂದೆಯೋ! ಪಕ್ಕದ ಬೀದಿಯ ಅಂಗಡಿಗೆ ಹೋದವನು, ಅಂಗಡಿ ಮುಚ್ಚಿದೆ ಅಂತ ವಾಪಸು ಬಂದ ಹಾಗೆ. ಎರಡು ವರ್ಷ ಆ ದೇಶದ ಚಳಿಯಲ್ಲಿ ಬೆಂಚು ಬಿಸಿ ಮಾಡಿದವನು, ಈಗ ಮೊದಲನೇ ಗೋಲ್‌ಕೀಪರನ ಮಣಿಕಟ್ಟು ಮುರಿದು ಜಾಗ ತಾನಾಗಿ ನಿನ್ನ ಮುಂದೆ ಬಂದು ಕೂತಿರುವಾಗ ಎದ್ದು ಬರುತ್ತೀಯಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವವರನ್ನು ನೋಡಿದ್ದೇನೆ, ಬಾಯಿಗೆ ಬಂದ ತುತ್ತನ್ನು ಉಗಿಯುವವನನ್ನು ಈಗಲೇ ನೋಡಿದ್ದು.

ಅದೂ ಒಂದು ಕಿವಿಯ ಸಲುವಾಗಿ.

ಆ ಕಿವಿಯ ವಿಷಯ ನಮ್ಮ ಮೂವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ನೋಡು, ಅದಕ್ಕೇ ಇಷ್ಟೆಲ್ಲ ಎಡವಟ್ಟು. ನೀನು ಹೊರಟ ದಿನ ಅಮ್ಮ, ನೀನು ಉಂಡಿದ್ದು ಗೊತ್ತಾಗೋ ತನಕ ನನಗೆ ತುತ್ತು ಇಳಿಯಲ್ಲ ಅಂತ ಸೆರಗು ಬಾಯಿಗೆ ಒತ್ತಿಕೊಂಡಳು. ಮ್ಯಾಚಿನ ದಿನ ಬೆಳಿಗ್ಗೆಯೇ ಫೋನು ಕಿತ್ತಿಟ್ಟುಕೊಳ್ತಾರಮ್ಮ ಅಂತ ನೀನು. ಆಮೇಲೆ ನೀನೇ ನಗುತ್ತಾ, ಕ್ಯಾಮೆರಾ ಬೆಂಚಿನ ಕಡೆ ಬಂದಾಗ ಬಲಗಿವಿ ಹಿಡ್ಕೋತೀನಿ, ಉಂಡಿದ್ದೀನಿ ಅಂತ ತಿಳ್ಕೋ, ನೀನೂ ಉಣ್ಣು ಅಂದೆ. ನಗುತ್ತಾ ಅಂದದ್ದು ಶಾಸನವಾಯಿತು.

ನಿನಗೇನು, ನೀನು ಕಿವಿ ಹಿಡಿದು ಆರಾಮಾಗಿ ಕೂರುತ್ತೀಯ. ಇಲ್ಲಿನ ಪಾಡು ಕೇಳು. ಅಲ್ಲಿ ಸಂಜೆ ಆಟ ಶುರುವಾದರೆ ಇಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮುಂಭಾಗದ ಕೋಣೆಯಲ್ಲಿ ಹೊಲಿಗೆ ಮಿಷನ್ನು ಒತ್ತಟ್ಟಿಗೆ ಸರಿಸಿ, ಟಿವಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಅಮ್ಮ ಕೂರುತ್ತಾಳೆ. ಕ್ಯಾಮೆರಾ ಹಿಡಿದ ಪುಣ್ಯಾತ್ಮನಿಗೆ ನಮ್ಮ ಹಸಿವು ಏನು ಗೊತ್ತು? ಅವನು ಚೆಂಡಿನ ಹಿಂದೆ ಓಡುತ್ತಾನೆ, ಕುಣಿಯುವ ಜನರನ್ನು ತೋರಿಸುತ್ತಾನೆ, ಒಮ್ಮೆ ಮೈದಾನಕ್ಕೆ ನುಗ್ಗಿದ ನಾಯಿಯನ್ನು ಎಷ್ಟು ಹೊತ್ತು ತೋರಿಸಿದ ಗೊತ್ತಾ? ಬೆಂಚು ಮಾತ್ರ ಇಲ್ಲ. ನಿಮ್ಮ ತಂಡ ಗೋಲು ತಿಂದರೆ ಕೋಚಿನ ಪೆಚ್ಚು ಮೋರೆ ತೋರಿಸಲು ಆ ಕಡೆ ತಿರುಗುತ್ತಾನೆ, ಹಿಂದೆ ನೀನು ಕಾಣುತ್ತೀಯ. ಹಾಗಾಗಿ ನಿಮ್ಮ ತಂಡ ಬೇಗ ಒಂದು ಗೋಲು ತಿನ್ನಲಿ ಅಂತ ದೇವರಿಗೆ ಕೈ ಮುಗಿಯುವ ಮನೆ ನಮ್ಮದು. ನೀವು ಗೆದ್ದ ದಿನ ಊಟ ಆರಿ ತಣ್ಣಗಾಗಿರುತ್ತದೆ.

ಇಷ್ಟು ದಿನ ಹೇಗೋ ನಡೆಯಿತು. ಹೋದ ವಾರ, ಎರಡನೇ ಅರ್ಧಕ್ಕೆ ನಿನ್ನನ್ನು ಇಳಿಸಿದರು. ಆ ದೊಡ್ಡ ಕೈಗವಸು ಹಾಕಿಕೊಂಡು ಗೋಲಿನ ಕಡೆ ಓಡುತ್ತಿದ್ದೆ, ನನಗೆ ಇಲ್ಲಿ ನೂರು ಯೋಚನೆ. ಮೊಣಕಾಲು ಸರಿಯಿದೆಯೋ, ಲೇಸು ಕಟ್ಟಿಕೊಂಡಿದ್ದಾನೋ, ಬೆಳಿಗ್ಗೆ ಏನು ತಿಂದನೋ. ಮೊದಲು ಬಂದ ಎರಡು ಚೆಂಡನ್ನು ಹಾರಿ ಹಿಡಿದೆ. ಹಾಗೇ ಇರಬಾರದಿತ್ತೇ? ಚೆಂಡು ಆ ತುದಿಗೆ ಹೋಯಿತು, ಕ್ಯಾಮೆರಾದವನು ನಿನ್ನ ಮುಖ ದೊಡ್ಡದಾಗಿ ತೋರಿಸಿದ, ನೀನು ಬಲಗೈ ಎತ್ತಿ ಕಿವಿಗೆ ತಂದೆ. ಬೇಡವೋ ಬೇಡವೋ ಅಂತ ನಾನು ಇಲ್ಲಿ ಟಿವಿಗೆ ಕೂಗಿದೆ. ಅಷ್ಟರಲ್ಲಿ ಅವರ ಕಡೆಯವನು ಅರ್ಧ ಮೈದಾನದಿಂದ ಒದ್ದ ಚೆಂಡು ನಿನ್ನ ತಲೆಯ ಮೇಲೆ ಹಾದು ಬಲೆಯೊಳಗೆ ಬಿತ್ತು. ನಿನ್ನ ಕೈ ಇನ್ನೂ ಕಿವಿಯ ಮೇಲೇ ಇತ್ತು, ಮಹಾರಾಯ. ಸೋತದ್ದು ಅದೊಂದೇ ಗೋಲಿಗೆ.

ಅವತ್ತು ಆಟ ಮುಗಿದ ಮೇಲೆ ಯಾರದೋ ರವಿಕೆಗೆ ತೋಳು ತಿರುವುಮುರುವಾಗಿ ಹೊಲಿದಿಟ್ಟೆ. ಸಿಟ್ಟಿಗೆ.

ಮರುದಿನದಿಂದ ಶುರು. ಪ್ಯಾಂಟು ಮೋಟು ಮಾಡಿಸಲು ಬಂದ ಬ್ಯಾಂಕಿನವನು, ಏನಮ್ಮಾ, ತಮ್ಮನಿಗೆ ಕಿವಿನೋವಾ, ಎರಡು ತೊಟ್ಟು ಎಣ್ಣೆ ಬಿಡೋಕೆ ಹೇಳಿ ಅಂದ. ಅವನ ಪ್ಯಾಂಟನ್ನು ಬೇಕೆಂದೇ ಒಂದು ಬೆರಳು ಜಾಸ್ತಿ ಮೋಟು ಮಾಡಿದ್ದೇನೆ. ಸೀಟಿ ಮಾಸ್ಟರು ಬೇರೆ ಬಂದರು. ನಿನಗೆ ಚೆಂಡು ಹಿಡಿಯುವುದು ಕಲಿಸಿದವರಲ್ಲವೇ, ಬೇಜಾರು ಅವರಿಗೂ. ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರೂ ಸೀಟಿ ಇನ್ನೂ ಕೊರಳಲ್ಲೇ ನೇತಾಡುತ್ತಿದೆ. ಅವರು ಹೇಳಿದ ಮೇಲೇ ನನಗೆ ನಿಜವಾದ ಸಂಗತಿ ತಿಳಿದದ್ದು. ಅಲ್ಲಮ್ಮಾ, ಎದುರಾಳಿ ಜನದ ಮುಂದೆ ಕಿವಿಗೆ ಕೈ ಇಟ್ರೆ ಏನರ್ಥ ಗೊತ್ತಾ, ಕೂಗಿ ಕೂಗಿ, ನಂಗೇನೂ ಕೇಳಿಸ್ತಿಲ್ಲ ಅಂತ ಅಣಕಿಸಿದ ಹಾಗೆ, ಈ ಹುಡುಗನಿಗೆ ಇಷ್ಟು ಕೊಬ್ಬು ಯಾವಾಗ ಬಂತು ಅಂತ ಕೇಳಿದರು. ಅಲ್ಲಿನ ಪೇಪರಿನಲ್ಲೂ ಹಾಗೇ ಬರೆದಿದ್ದಾರಂತೆ. ನಿಮ್ಮ ಕೋಚು ಕರೆದು ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ನೀನು ಬಾಯಿಗೆ ಬೀಗ ಹಾಕಿಕೊಂಡು ನಿಂತೆಯಂತೆ.

ಅಯ್ಯೋ ದಡ್ಡ! ಹೇಳಬಾರದೇನೋ? ಅಷ್ಟು ದೊಡ್ಡ ಆಟಗಾರ, ಅಮ್ಮ ಊಟ ಮಾಡಲಿ ಅಂತ ಕಿವಿ ಹಿಡಿದೆ ಅಂದರೆ ನಗುತ್ತಾರೆ ಅಂತ ನಾಚಿಕೆಯಾ? ನಗಲಿ ಬಿಡು. ಕೊಬ್ಬು ಅಂದುಕೊಳ್ಳುವುದಕ್ಕಿಂತ ನಗುವುದು ಮೇಲು. ಆ ಕೋಚಿಗೂ ಒಬ್ಬ ತಾಯಿ ಇದ್ದಿರಲೇಬೇಕು, ಆಕಾಶದಿಂದ ಉದುರಿದವನಲ್ಲ. ನಾಳೆಯೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು.

ನಿನ್ನೆ ಫೋನಿನ ಕೊನೆಗೆ ನೀನು, ನಾನು ಬರ್ತಿರೋದು ಗೋಲು ತಿಂದದ್ದಕ್ಕಲ್ಲ ಅಕ್ಕ, ಅಮ್ಮ ಅಲ್ಲಿ ಹಸ್ಕೊಂಡು ಕೂತಿರೋದು ನೆನಪಾದ್ರೆ ಚೆಂಡೇ ಕಾಣಲ್ಲ, ಹೀಗಾದ್ರೆ ನಾನೆಂಥ ಗೋಲ್‌ಕೀಪರು ಅಂತ ಅತ್ತುಬಿಟ್ಟೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. ಬಂದು ಇಲ್ಲಿ ಏನು ಮಾಡುತ್ತೀಯ? ಮಾಸ್ಟರ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹೊಡೆಯುತ್ತೀಯಾ? ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಹಳೆ ರೈನ್‌ಕೋಟು ಕತ್ತರಿಸಿ ಒಳಗೆ ಸ್ಪಂಜು ತುಂಬಿ ನಿನಗೆ ಮೊದಲ ಕೈಗವಸು ಹೊಲಿದುಕೊಟ್ಟವಳು ನಾನು. ಆ ಕೈ ಚೆಂಡು ಹಿಡಿಯಲಿ ಅಂತ ಹೊಲಿದದ್ದು, ಕಿವಿ ಹಿಡಿಯಲಿ ಅಂತಲ್ಲ.

ಆದ್ದರಿಂದ ಈ ಮನೆಯಲ್ಲಿ ತೀರ್ಮಾನವಾಗಿದೆ. ಕಿವಿ ಮುಟ್ಟುವುದು ಇವತ್ತಿಗೆ ಬಂದ್. ನೀನು ಉಂಡೆಯೋ ಇಲ್ಲವೋ ಅಮ್ಮ ಕೇಳುವುದಿಲ್ಲ. ನೀನು ಶುಕ್ರವಾರದೊಳಗೆ ಸಹಿ ಹಾಕು. ಆಟದ ದಿನ ಹೊಟ್ಟೆ ತುಂಬ ತಿನ್ನು. ಖಾಲಿ ಹೊಟ್ಟೆಯಲ್ಲಿ ಆಡಿ ಶಾಲೆಯ ಮೈದಾನದಲ್ಲಿ ದೊಪ್ಪನೆ ಬಿದ್ದಿದ್ದೆಯಲ್ಲ, ನಿನ್ನನ್ನು ಎತ್ತಿಕೊಂಡು ಓಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲುಚೀಲ ಒದ್ದೆಯಾದರೆ ತಕ್ಷಣ ಬದಲಾಯಿಸು.

ಬೈದು ಬೈದು ಸುಸ್ತಾದ,
ನಿನ್ನ ಅಕ್ಕ

ಮರೆತದ್ದು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಅಂತ ಪೆನ್ನು ಕಚ್ಚುತ್ತಾ ಕೂತಿದ್ದೆ. ಬರೆಯದಿದ್ದರೆ ನೀನು ಸಹಿ ಹಾಕುವುದಿಲ್ಲ. ಅಮ್ಮ ಹಸಿದು ಕೂರುವುದನ್ನು ಬಿಟ್ಟು ಒಂದು ವರ್ಷದ ಮೇಲಾಯಿತು. ಡಾಕ್ಟರು ಮಾತ್ರೆ ಬದಲಿಸಿದ ಮೇಲೆ ಹೊತ್ತಿಗೆ ಸರಿಯಾಗಿ ಉಂಡು, ನಿಮ್ಮ ಆಟ ಶುರುವಾಗುವ ಮೊದಲೇ ಮಲಗಿ ಗೊರಕೆ ಹೊಡೆಯುತ್ತಾಳೆ. ನೀನು ಗೋಲು ತಿಂದದ್ದು ಅವಳಿಗೆ ಗೊತ್ತಾದದ್ದು ಎದ್ದ ಮೇಲೆ. ಸ್ಟೂಲಿನ ಮೇಲಿನ ತಟ್ಟೆ ನನ್ನದು. ನಿಮ್ಮ ತಂಡ ಗೋಲು ತಿನ್ನಲಿ ಅಂತ ಕೈ ಮುಗಿದವಳೂ ನಾನೇ. ಬರುವ ಆಟದಿಂದ ನಾನೂ ಮೊದಲೇ ಉಣ್ಣುತ್ತೇನೆ. ನೀನು ಉಂಡೆ ಅಂತ ನನಗೆ ಹೇಗೆ ಗೊತ್ತಾಗಬೇಕು ಅಕ್ಕ ಅನ್ನುತ್ತೀಯ. ಗೊತ್ತಾಗುವುದಿಲ್ಲ. ನನ್ನ ಕಡೆ ಕ್ಯಾಮೆರಾ ಇಲ್ಲ. ಸುಮ್ಮನೆ ನಂಬಿ ಚೆಂಡು ನೋಡು.